ಬೋರ್ಡಣ್ಣ ಮಾತ್ರೆ ಬಿಟ್ಟದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಅಂಚೆಯವನೊಬ್ಬನನ್ನು ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವವನು, ಹಾಗಾಗಿ ಬೋರ್ಡಣ್ಣ. ಅವನ ಹೆಂಡತಿ ಎರಡು ಬೀದಿ ಆಚೆಗಿನ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿಯ ಮೇಜಿನವಳು. ಅವಳು ಒತ್ತಿದ ಪ್ಯಾಂಟಿನ ಗೆರೆಯ ಪಕ್ಕ ಸ್ಕೇಲು ಇಟ್ಟರೆ ಸ್ಕೇಲೇ ಸೊಟ್ಟಗೆ ಕಾಣುತ್ತದೆ ಅಂತ ಅಲ್ಲಿಯವರು ನಗುತ್ತಿದ್ದರು. ಅವಳಿಗೆ ಗೆರೆಯಕ್ಕ ಅನ್ನುವ ಹೆಸರು ಅಂಟಿದ್ದು ಅಲ್ಲಿಂದ. ಮನೆಯಲ್ಲಿ ಇನ್ನಿಬ್ಬರು: ಬೋರ್ಡಣ್ಣನ ತಾಯಿ, ಎಪ್ಪತ್ತು ದಾಟಿದರೂ ಗೋಡೆಯಾಚೆಯ ಪಿಸುಮಾತು ಕೇಳಿಸಿಕೊಳ್ಳುವವಳು, ಮತ್ತೆ ಹದಿನೇಳರ ಮಗಳು, ಪರೀಕ್ಷೆಯ ವರ್ಷದವಳು.

ಎರಡು ವರ್ಷದ ಹಿಂದೆ ಬೋರ್ಡಣ್ಣ ಏಣಿಯಿಂದ ಬಿದ್ದಿದ್ದ. ಚಪ್ಪಲಿ ಅಂಗಡಿಯ ಮೇಲಿನ ಬೋರ್ಡಿಗೆ ಕೊನೆಯ ಅಕ್ಷರ ಬರೆಯುತ್ತಿದ್ದಾಗ ಏಣಿಯ ಕಾಲು ಜಾರಿತು. ಬೆನ್ನಿಗೆ ಆಪರೇಷನ್ ಆಯಿತು, ನಲವತ್ತು ದಿನ ಹಾಸಿಗೆಯಾಯಿತು. ಮನೆಗೆ ಬರುವಾಗ ನೋವಿಗೆಂದು ಒಂದು ಬಲವಾದ ಮಾತ್ರೆ ಕೊಟ್ಟಿದ್ದರು, ದಿನಕ್ಕೆ ಮೂರು. ನೋವು ನಿಧಾನವಾಗಿ ಹಿಂದೆ ಸರಿಯಿತು. ಮಾತ್ರೆ ಮಾತ್ರ ಉಳಿದುಕೊಂಡಿತು. ಹಲ್ಲುಜ್ಜುವುದು ಎಷ್ಟು ಸಹಜವೋ ಮಾತ್ರೆ ನುಂಗುವುದೂ ಅಷ್ಟೇ ಸಹಜ ಅನ್ನುವ ಹಾಗಾಯಿತು. ಅದರ ಬಗ್ಗೆ ಯಾರೂ ಎರಡನೇ ಸಲ ಯೋಚಿಸಲಿಲ್ಲ.

ಇನ್ನೂ ಒಂದು ಬದಲಾವಣೆ ಆಗಿತ್ತು. ಬೀಳುವ ಮೊದಲು ಬೋರ್ಡಣ್ಣ ಮನೆಯಲ್ಲಿದ್ದಾನೋ ಇಲ್ಲವೋ ಅಂತ ಬೀದಿಯ ತುದಿಯಲ್ಲೇ ಗೊತ್ತಾಗುತ್ತಿತ್ತು. ರೇಡಿಯೋದವನ ಜೊತೆ ವಾದ, ತಾಯಿಯ ಜೊತೆ ವಾದ, ಟೊಮ್ಯಾಟೊ ಮಾರುವವಳ ಜೊತೆ ಅವಳ ಬೆಲೆಯ ರಟ್ಟಿನ ಮೇಲಿನ ಕಾಗುಣಿತದ ಬಗ್ಗೆ ವಾದ. ಬಿದ್ದ ಮೇಲೆ ಬಾಯಿಗೆ ಬೀಗ ಬಿತ್ತು. ಕೊಟ್ಟದ್ದು ತಿಂದ, ಹೇಳಿದ್ದಕ್ಕೆ ಹೂಂ ಅಂದ. ಚಿಕ್ಕಪುಟ್ಟ ಬೋರ್ಡುಗಳನ್ನು ನೆಲದ ಮೇಲೇ ಇಟ್ಟುಕೊಂಡು ಬರೆದ. ಸಾವಿನ ಬಾಗಿಲು ನೋಡಿ ಬಂದವನು, ಬುದ್ಧಿ ಬಂದಿದೆ ಅಂತ ಎಲ್ಲರೂ ತಿಳಿದರು. ಮನೆಯ ಕಾರುಬಾರು ತಾನಾಗಿಯೇ ಗೆರೆಯಕ್ಕನ ಕೈಗೆ ಬಂತು. ಅವಳು ಅಡುಗೆಮನೆಯ ಶೆಲ್ಫುಗಳನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡಳು, ಹೊಸ ಬೀರು ತಂದಳು, ಮಗಳ ಕಾಲೇಜಿನ ಅರ್ಜಿಗೆ ತಾನೇ ಸಹಿ ಹಾಕಿದಳು. ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಅವಳಿಗೆ ಹಿಡಿಸಿತ್ತು ಕೂಡ.

ಗೊತ್ತಾದದ್ದು ಒಂದು ರಜೆಯ ವಾರದಲ್ಲಿ. ಹಳೆಯ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಹೊಸ ಚೀಟಿ ಇಲ್ಲದೆ ಈ ಮಾತ್ರೆ ಕೊಡುವ ಹಾಗಿಲ್ಲ ಅಂತ ಔಷಧಿ ಅಂಗಡಿಯವನು ಕೈಯಲ್ಲಾಡಿಸಿಬಿಟ್ಟ. ಮೂರು ದಿನ ತಾನೇ, ರಜೆ ಮುಗಿದ ಮೇಲೆ ನೋಡೋಣ ಅಂದುಕೊಂಡರು. ಮೊದಲನೆಯ ಸಂಜೆಯೇ ಬೋರ್ಡಣ್ಣನ ಮೂಗು ಸೋರತೊಡಗಿತು. ಆಕಳಿಕೆ ಶುರುವಾದದ್ದು ನಿಲ್ಲಲೇ ಇಲ್ಲ. ಮರುದಿನ ಚಳಿ ಹಿಡಿದ ಹಾಗೆ ಮೈಯೆಲ್ಲ ರೋಮ ಎದ್ದು ನಿಂತವು, ಹೊಟ್ಟೆ ಕೆಟ್ಟಿತು, ಕಾಲು ಒಂದೆಡೆ ನಿಲ್ಲದೆ ಮಂಚವನ್ನು ಒದೆಯುತ್ತಿತ್ತು. ಜ್ವರ ಬರುತ್ತಿದೆ ಅಂತ ತಾಯಿ ಹಬೆ ಹಿಡಿಸಿದಳು, ಎರಡು ಕಂಬಳಿ ಹೊದಿಸಿದಳು. ಅವನು ಎರಡನ್ನೂ ಕಿತ್ತೆಸೆದ, ಐದು ನಿಮಿಷಕ್ಕೆ ಮತ್ತೆ ಕೇಳಿದ. ಥರ್ಮಾಮೀಟರಿನಲ್ಲಿ ನೋಡಿದರೆ ಜ್ವರವೇ ಇಲ್ಲ.

ಮೂರನೇ ಮಧ್ಯಾಹ್ನ ಗೆರೆಯಕ್ಕ ಆಸ್ಪತ್ರೆಯ ಹಳೆಯ ಕಾಗದ ಹುಡುಕುತ್ತಿದ್ದಾಗ ಚೀಲದ ಮೂಲೆಯಲ್ಲಿ ಒಂದೇ ಒಂದು ಮಾತ್ರೆ ಸಿಕ್ಕಿತು. ಬೋರ್ಡಣ್ಣ ಅದನ್ನು ನೀರಿಗೂ ಕಾಯದೆ ನುಂಗಿದ. ಒಂದು ಗಂಟೆ ಕಳೆಯುವಷ್ಟರಲ್ಲಿ ಎದ್ದು ಕೂತು, ಮುಖ ತೊಳೆದು, ಆಲೂಗಡ್ಡೆ ಬಟಾಣಿಯ ಜೊತೆ ಅರ್ಧ ಬ್ರೆಡ್ಡು ಮುಗಿಸಿದ. ಮೂರು ಜನ ಹೆಂಗಸರು ಮೇಜಿನ ಸುತ್ತ ನಿಂತು ಅವನನ್ನೇ ನೋಡುತ್ತಿದ್ದರು.

"ಇದು ಜ್ವರ ಅಲ್ಲ," ಅಂದಳು ತಾಯಿ. "ಇದು ಚಟ."

ಬೋರ್ಡಣ್ಣ ತಟ್ಟೆ ದೂಡಿ ಎದ್ದು ಹೋದ. ಡಾಕ್ಟರು ಕೊಟ್ಟದ್ದನ್ನು ತಿಂದರೆ ಅದು ಹೇಗೆ ಚಟವಾಗುತ್ತದೆ ಅಂತ ಮಗಳು ಅಜ್ಜಿಯ ಮೇಲೆ ಹರಿಹಾಯ್ದಳು. ಕುಡುಕರ ಮನೆ ನಾನು ನೋಡಿಲ್ಲವೇ ಅಂತ ಅಜ್ಜಿ. ಆ ಸಂಜೆ ಪಾತ್ರೆ ತೊಳೆದದ್ದು ಯಾರು ಅಂತ ಯಾರಿಗೂ ನೆನಪಿಲ್ಲ, ಸದ್ದಂತೂ ಬಹಳ ಆಯಿತು.

ರಜೆ ಮುಗಿದ ದಿನ ನಾಲ್ವರೂ ಆರೋಗ್ಯ ಕೇಂದ್ರಕ್ಕೆ ಹೋದರು. ಒಬ್ಬರೇ ಹೋಗಿ ಬನ್ನಿ ಅಂದರೆ ಕೇಳುವವರು ಯಾರೂ ಇರಲಿಲ್ಲ. ಹೊಸ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೋಣೆಯಲ್ಲಿ ಇದ್ದ ಎರಡೇ ಕುರ್ಚಿಯಲ್ಲಿ ಒಂದನ್ನು ಅಜ್ಜಿಗೆ ಕೊಟ್ಟು ತಾನು ಮೇಜಿಗೆ ಒರಗಿ ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಳು.

"ನೋವು ತಡೆಯೋ ಕೆಲಸಕ್ಕೆ ನಿಮ್ಮ ಮೈಯಲ್ಲೇ ಆಳುಗಳಿದ್ರು," ಅಂದಳು ಬೋರ್ಡಣ್ಣನಿಗೆ. "ಎರಡು ವರ್ಷ ಆ ಕೆಲಸ ಮಾತ್ರೆ ಮಾಡ್ತು. ಆಳುಗಳು ರಜೆ ಮೇಲೆ ಹೋದ್ರು. ಈಗ ಮಾತ್ರೆನ ಒಂದೇ ಸಲ ಮನೆಗೆ ಕಳಿಸಿದ್ರೆ ಕೆಲಸಕ್ಕೆ ಯಾರೂ ಇರಲ್ಲ. ಅದಕ್ಕೇ ಆ ಮೂರು ದಿನ."

ಇದಕ್ಕೆ ಚಟ ಅಂತಾರಲ್ಲವೇ ಅಂತ ಅಜ್ಜಿ ಬಿಡದೆ ಕೇಳಿದಳು.

"ಹಾಳಾಗ್ತಿದೆ ಅಂತ ಗೊತ್ತಿದ್ರೂ ಅದರ ಹಿಂದೇನೇ ಓಡೋದು ಒಂದು. ಮೈ ಒಗ್ಗಿಕೊಂಡುಬಿಡೋದು ಇನ್ನೊಂದು. ಬರೆದು ಕೊಟ್ಟ ಹಾಗೇ ತಗೊಂಡವರಿಗೂ ಎರಡನೇದು ಆಗುತ್ತೆ. ಅಜ್ಜೀ, ಎರಡಕ್ಕೂ ಬೈಗುಳ ಔಷಧಿ ಅಲ್ಲ."

ಆಗ ಬೋರ್ಡಣ್ಣ ನೆಲ ನೋಡುತ್ತ ಒಂದು ಮಾತು ಹೇಳಿದ. ಯಾವತ್ತಾದರೂ ಮನಸ್ಸು ಭಾರ ಅನ್ನಿಸಿದ ದಿನ, ನೋವಿಲ್ಲದಿದ್ದರೂ ನಾಲ್ಕನೆಯದೊಂದು ತಗೊಂಡದ್ದುಂಟು. ಗೆರೆಯಕ್ಕನಿಗೆ ಇದು ಗೊತ್ತಿರಲಿಲ್ಲ. ಡಾಕ್ಟರು ಅದನ್ನು ಬರೆದುಕೊಂಡು, ಹೇಳಿದ್ದು ಒಳ್ಳೆಯದಾಯಿತು ಅಂದಳು, ಅಷ್ಟೇ.

ಅಲ್ಲಿಂದ ಒಂದು ಪಟ್ಟಿ ಬಂತು. ಸಣ್ಣ ಸಣ್ಣ ಶಕ್ತಿಯ ಮಾತ್ರೆಗಳು, ಎರಡು ವಾರಕ್ಕೊಂದು ಮೆಟ್ಟಿಲು ಕೆಳಗೆ. ಕಷ್ಟವಾದರೆ ಆ ಮೆಟ್ಟಿಲಲ್ಲೇ ನಿಲ್ಲಬಹುದು, ನಾಚಿಕೆ ಬೇಡ. ಸ್ವಂತ ಬುದ್ಧಿಯಿಂದ ಒಂದೇ ಏಟಿಗೆ ನಿಲ್ಲಿಸಬಾರದು. ಇಳಿದ ಮೇಲೆ ಯಾವತ್ತೋ ಹಳೆಯ ಲೆಕ್ಕಕ್ಕೆ ಹಾರಿ ನುಂಗಲೇಬಾರದು, ಮೈಗೆ ಅದನ್ನು ತಡೆಯುವ ಶಕ್ತಿ ಹೋಗಿರುತ್ತದೆ, ಉಸಿರೇ ನಿಂತೀತು. ಕೊನೆಯ ಮಾತು ಹೇಳುವಾಗ ಡಾಕ್ಟರು ನಗುತ್ತಿರಲಿಲ್ಲ.

ಮಾತ್ರೆ ಯಾರ ಕೈಯಲ್ಲಿರಬೇಕು ಅಂತ ಬಸ್ಸಿನಲ್ಲೇ ಚರ್ಚೆ ಶುರುವಾಯಿತು. ಗೆರೆಯಕ್ಕ ಬೆಳಿಗ್ಗೆ ಏಳಕ್ಕೇ ಲಾಂಡ್ರಿಗೆ ಹೊರಡುವವಳು. ಮಗಳು ತನ್ನ ಪೆನ್ನನ್ನೇ ದಿನಕ್ಕೆರಡು ಸಲ ಕಳೆಯುವವಳು. ಕೊನೆಗೆ ಬೋರ್ಡಣ್ಣನೇ ಹೇಳಿದ: ಅಮ್ಮನ ಕೈಗೆ ಕೊಡಿ, ಅವಳು ಸಕ್ಕರೆಯನ್ನೇ ಇಷ್ಟು ವರ್ಷ ನನ್ನಿಂದ ಬಚ್ಚಿಟ್ಟು ಗೆದ್ದವಳು.

ತಾಯಿ ಆ ಹುದ್ದೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಳು. ಡಬ್ಬಿ ಅವಳ ಸ್ವೆಟರಿನ ಜೇಬಿನಿಂದ ಆಚೆ ಬರುತ್ತಿದ್ದದ್ದು ಹೊತ್ತಿಗೆ ಸರಿಯಾಗಿ ಮೂರೇ ಸಲ. ನಲವತ್ತೆಂಟರ ಮಗನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ನೀರು ಕುಡಿಸಿ, "ಬಾಯಿ ತೆಗಿ, ನಾಲಿಗೆ ಎತ್ತು" ಅಂತ ನೋಡಿ, ಗೋಡೆಯ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದಳು. ಮಗಳು ಅದರ ಫೋಟೋ ತೆಗೆದು ಬೈಸಿಕೊಂಡಳು.

ಮೊದಲ ಮೆಟ್ಟಿಲು ಏನೂ ಅನ್ನಿಸಲಿಲ್ಲ. ಎರಡನೆಯದರಲ್ಲಿ ಸೀನು ಬಂತು. ಒಂದೆರಡಲ್ಲ, ಒಮ್ಮೆ ಶುರುವಾದರೆ ಎಂಟು, ಹತ್ತು. ಪಕ್ಕದ ಮನೆಯ ನಿವೃತ್ತ ಮೇಷ್ಟರು ಗೋಡೆಯಾಚೆಯಿಂದ ಜೋರಾಗಿ ಎಣಿಸುತ್ತಿದ್ದರು. ನಿದ್ದೆ ಚೂರು ಚೂರಾಯಿತು. ಡಾಕ್ಟರು ಬೆನ್ನಿಗೆ ಹೇಳಿಕೊಟ್ಟ ವ್ಯಾಯಾಮವನ್ನು ಒಬ್ಬನೇ ಮಾಡಲು ಬೇಸರ ಅಂತ ಅವನು ಗೊಣಗಿದಾಗ ತಾಯಿಯೂ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದಳು. ಅವನ ಕಾಲು ಒಂದು ಮೊಳ ಏಳುವಲ್ಲಿ ಅವಳದು ಎರಡು ಮೊಳ ಏಳುತ್ತಿತ್ತು. ಅದು ಅವನ ಮಾನದ ಪ್ರಶ್ನೆಯಾಗಿ, ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ.

ಮೂರನೇ ಮೆಟ್ಟಿಲಿಗೆ ಬರುವಷ್ಟರಲ್ಲಿ ಬೇರೆ ಥರದ ಸುದ್ದಿಗಳು ಶುರುವಾದವು. ಒಂದು ಭಾನುವಾರ ಊಟಕ್ಕೆ ಕೂತವನು ಮೊದಲ ತುತ್ತಿಗೇ ತಲೆ ಎತ್ತಿ, ಇದಕ್ಕೆ ಉಪ್ಪೇ ಇಲ್ಲವಲ್ಲ ಅಂದ. ಗೆರೆಯಕ್ಕ ಚಮಚ ಕೆಳಗಿಟ್ಟಳು. ಅತ್ತೆಗೆ ರಕ್ತದೊತ್ತಡ ಅಂತ ಒಂದೂವರೆ ವರ್ಷದಿಂದ ಇಷ್ಟೇ ಉಪ್ಪು ಹಾಕುತ್ತಿದ್ದಾಳೆ, ಅಷ್ಟೂ ದಿನ ಇದನ್ನೇ ಚಪ್ಪರಿಸಿಕೊಂಡು ತಿಂದದ್ದು ಯಾರು?

"ತಿಂದೆ. ರುಚಿ ನೋಡಿರ್ಲಿಲ್ಲ," ಅಂದ ಅವನು.

ಅದರ ಮರುದಿನ ಟೀವಿಯಲ್ಲಿ ಸೋಪಿನ ಜಾಹೀರಾತು ನೋಡಿ ಅವನ ಕಣ್ಣು ತುಂಬಿತು. ಒಂದು ಮಗು, ಒಂದು ಟವೆಲ್ಲು, ಅಷ್ಟೇ ಇದ್ದದ್ದು. ಮಗಳು ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಹಿಂದೆಯೇ ಬೋರ್ಡಣ್ಣನೂ ಕಣ್ಣೊರೆಸಿಕೊಳ್ಳುತ್ತ ಬಂದು, ತನಗೂ ನಗು ಬಂದು, ಅಪ್ಪ ಮಗಳು ಸಿಂಕು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಡಾಕ್ಟರನ್ನು ಕೇಳಿದರೆ, ಮಾತ್ರೆ ನೋವನ್ನಷ್ಟೇ ಮಂಕು ಮಾಡುವುದಿಲ್ಲ, ಈಗ ಎಲ್ಲವೂ ಒಟ್ಟಿಗೆ ವಾಪಸ್ಸು ಬರುತ್ತದೆ, ಕೆಲವು ದಿನ ಹೆಚ್ಚೇ ಬರುತ್ತದೆ ಅಂದಳು.

ವಾಪಸ್ಸು ಬಂದವುಗಳಲ್ಲಿ ಬಾಯಿಯೂ ಒಂದು. ಒಂದು ಬೆಳಿಗ್ಗೆ ಅಂಗಿ ತೆಗೆಯಲು ಹೋದವನು ಬೀರುವಿನ ಮುಂದೆ ನಿಂತೇ ಇದ್ದ.

"ಈ ಬೀರು ಯಾವಾಗ ಬಂತು?"

ಬಂದು ಹದಿನೆಂಟು ತಿಂಗಳಾಯಿತು ಅಂತ ಗೆರೆಯಕ್ಕ ಜಡೆ ಹೆಣೆಯುತ್ತಲೇ ಹೇಳಿದಳು.

"ಈ ಹಸಿರು ಯಾರು ಆರಿಸಿದ್ದು? ಕೊಳೆತ ಸೌತೆಕಾಯಿ ಥರ ಇದೆ."

ಅಲ್ಲಿಂದ ಜಗಳ ಹತ್ತಿಕೊಂಡಿತು. ಶೆಲ್ಫುಗಳು ಯಾಕೆ ಕೆಳಗಿವೆ, ಕಿಟಕಿಗೆ ಈ ಪರದೆ ಯಾಕೆ, ಮಗಳು ನಕ್ಷೆ ಬರೆಯುವ ಕೋರ್ಸು ಯಾಕೆ ತೆಗೆದುಕೊಂಡಳು, ತನ್ನನ್ನು ಒಂದು ಮಾತು ಕೇಳಿದರಾ. ಕೇಳಿದ್ದೆ, ನೀವು ಹೂಂ ಅಂದಿರಿ, ಎಲ್ಲಕ್ಕೂ ಹೂಂ ಅಂದಿರಿ ಅಂದಳು ಗೆರೆಯಕ್ಕ. ಮಗಳು ಪುಸ್ತಕ ಎತ್ತಿಕೊಂಡು ಪಕ್ಕದ ಮನೆಯ ಮೇಷ್ಟರಲ್ಲಿಗೆ ಹೋಗಿ ಕೂತಳು. ತಾಯಿಗೆ ಮಾತ್ರ ಮುಖವೆಲ್ಲ ಬೆಳಕಾಗಿತ್ತು. ಬಾಗಿಲಲ್ಲಿ ನಿಂತು, ಕಳೆದುಹೋಗಿದ್ದ ಮಗನ ದನಿ ಕೇಳಿಸಿಕೊಳ್ಳುತ್ತಿದ್ದಳು.

ಲಾಂಡ್ರಿಯಲ್ಲಿ ಪಕ್ಕದ ಮೇಜಿನ ಸೋಪಕ್ಕ, ಮೂವತ್ತು ವರ್ಷ ಒಗೆಯುವ ಯಂತ್ರದ ಮುಂದೆ ನಿಂತು ಆ ಹೆಸರು ಪಡೆದವಳು, ಗಂಡ ಹೇಗಿದ್ದಾನೆ ಅಂತ ಕೇಳಿದಳು. ಗೆರೆಯಕ್ಕ ಒಂದು ಹೋಟೆಲಿನ ಮೇಜುಬಟ್ಟೆಯನ್ನು ಪೂರ್ತಿ ಒತ್ತಿ ಮಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: ಸರಿಹೋಗುತ್ತಿದ್ದಾನೆ, ಅದೇ ಕಷ್ಟವಾಗಿದೆ. ಎರಡು ವರ್ಷ ಮನೆ ಎಷ್ಟು ತಣ್ಣಗಿತ್ತು. ಅದು ಕಾಯಿಲೆ ಅಂತ ಗೊತ್ತಾಗದೆ ಅದನ್ನೇ ಸುಖ ಅಂದುಕೊಂಡುಬಿಟ್ಟೆ. ಸೋಪಕ್ಕ ನಗಲಿಲ್ಲ. ಇದನ್ನು ನನಗೆ ಹೇಳಿ ಏನು ಬಂತು, ಅವನಿಗೆ ಹೇಳು ಅಂದಳು. ಹೇಗೆ ಹೇಳುವುದು? ಹುಷಾರಾಗಬೇಡ ಅಂತಲಾ?

ಐದನೇ ಮೆಟ್ಟಿಲು ಬರುವಾಗ ಮಾತ್ರೆ ಅರ್ಧಕ್ಕೆ ಇಳಿದಿತ್ತು. ಅದೇ ಹೊತ್ತಿಗೆ ಬೀದಿಯ ತುದಿಯ ಬೇಕರಿಯವನು ಅಂಗಡಿ ದೊಡ್ಡದು ಮಾಡಿ, ಮುಂಭಾಗದ ಉದ್ದಕ್ಕೂ ಬರುವ ಬೋರ್ಡಿನ ಕೆಲಸ ಬೋರ್ಡಣ್ಣನಿಗೇ ಕೊಟ್ಟ. ಬಿದ್ದ ಮೇಲೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಬೋರ್ಡನ್ನು ಒಳಗೆ, ಹಿಟ್ಟಿನ ಕೋಣೆಯ ಗೋಡೆಗೆ ಒರಗಿಸಿ ಬರೆಯುವುದು, ಆಮೇಲೆ ನಾಲ್ಕು ಜನ ಎತ್ತಿ ಕೂರಿಸುವುದು ಅಂತ ಮಾತಾಯಿತು. ಏಣಿಯ ಗೊಡವೆ ಇಲ್ಲ.

ಆ ವಾರ ತಾಯಿ ಮಗನ ನಡುವೆ ಚಹಾದ ಸಕ್ಕರೆಯ ವಿಷಯಕ್ಕೆ ಏನೋ ಮಾತು ಬೆಳೆಯಿತು. ಮಾತಿನ ಭರದಲ್ಲಿ ತಾಯಿ, ಮಾತ್ರೆಗೆ ಗುಲಾಮನಾದವನು ನನಗೆ ಬುದ್ಧಿ ಹೇಳುವುದು ಬೇಡ ಅಂದುಬಿಟ್ಟಳು. ಬೋರ್ಡಣ್ಣ ಚಹಾದ ಲೋಟ ಅಲ್ಲೇ ಬಿಟ್ಟು ಕೆಲಸಕ್ಕೆ ಹೊರಟ. ಅದನ್ನು ಯಾರೂ ದೊಡ್ಡದಾಗಿ ಗಮನಿಸಲಿಲ್ಲ.

ನಾಲ್ಕು ದಿನ ಕಳೆದು ಗೆರೆಯಕ್ಕನಿಗೆ ವಾರದ ರಜೆ. ಬಟ್ಟೆ ನೆನೆಹಾಕುವ ಮೊದಲು ಜೇಬು ನೋಡುವುದು ಅವಳ ಕಸುಬಿನ ರೂಢಿ. ಗಂಡನ ಬಣ್ಣ ಮೆತ್ತಿದ ಅಂಗಿಯ ಜೇಬಿನಲ್ಲಿ ಕಾಗದದ ಸಣ್ಣ ಪೊಟ್ಟಣ ಸಿಕ್ಕಿತು. ಬಿಚ್ಚಿದರೆ ಮಾತ್ರೆಗಳು. ಅಂಚು ಕರಗಿ ಒಣಗಿದ ಹತ್ತು ಮಾತ್ರೆಗಳು.

ಡಾಕ್ಟರು ನಗದೆ ಹೇಳಿದ ಮಾತೇ ಕಿವಿಯಲ್ಲಿ. ಸೋಪಿನ ಕೈಯನ್ನು ಒರೆಸಿಕೊಳ್ಳದೆ ಬೀದಿಯ ಉದ್ದಕ್ಕೂ ನಡೆದು ಬೇಕರಿಗೆ ನುಗ್ಗಿದಳು. ಬೈಯಬೇಕಾದ್ದನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದಳು. ಹಿಟ್ಟಿನ ಕೋಣೆಯಲ್ಲಿ ಬೋರ್ಡಣ್ಣ ಮೂಟೆಯ ಮೇಲೆ ಮುದುಡಿ ಕೂತಿದ್ದ. ಹಣೆಯಲ್ಲಿ ಬೆವರು, ಹಲ್ಲು ಕಟಕಟ. ಗೋಡೆಗೆ ಒರಗಿದ ಬೋರ್ಡಿನ ಮೇಲೆ ಮೊದಲ ಎರಡು ಅಕ್ಷರ ಚೆನ್ನಾಗಿದ್ದವು, ಮೂರನೆಯದು ಇಳಿಜಾರಿನಲ್ಲಿ ಉರುಳುತ್ತಿರುವ ಹಾಗಿತ್ತು. ಬೇಕರಿಯವನು ಬಿಸಿಹಾಲಿನ ಲೋಟ ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದ.

ಗೆರೆಯಕ್ಕ ಪೊಟ್ಟಣ ಮುಂದೆ ಹಿಡಿದಳು. "ಇದೇನು?"

"ತಗೊಳ್ಳದೆ ಉಳಿಸಿದ್ದು."

"ಒಟ್ಟಿಗೆ ತಗೊಳ್ಳೋಕಾ?"

"ಒಟ್ಟಿಗೆ ಬಿಡೋಕೆ," ಅಂದ ಬೋರ್ಡಣ್ಣ. "ಅಮ್ಮ ಬಾಯಿ ನೋಡುವಾಗ ಕೆನ್ನೆ ಒಳಗೆ ಇಟ್ಕೋತಿದ್ದೆ. ಈ ಬೋರ್ಡು ಮುಗಿಯೋಷ್ಟರಲ್ಲಿ ಗುಲಾಮ ಅನ್ನಿಸಿಕೊಳ್ಳೋದೂ ಮುಗೀಲಿ ಅಂತ."

ಜೋಡಿಸಿಕೊಂಡ ಬೈಗುಳವೆಲ್ಲ ಅವಳ ಬಾಯಿಯಲ್ಲೇ ಉಳಿಯಿತು. ಪಕ್ಕದ ಮೂಟೆಯ ಮೇಲೆ ಕೂತಳು. ಕದ್ದು ಮಾತ್ರೆ ತಿನ್ನುವವರ ಕಥೆ ಅವಳು ಕೇಳಿದ್ದಳು, ಕದ್ದು ಬಿಡುವವನನ್ನು ಇವತ್ತೇ ನೋಡಿದ್ದು. ಬೇಕರಿಯವನು ಹಾಲಿನ ಲೋಟವನ್ನು ಅವಳ ಕೈಗೆ ಕೊಟ್ಟು ಆಟೋ ಕರೆಯಲು ಹೊರಗೆ ಹೋದ.

ಆ ಐದು ನಿಮಿಷದಲ್ಲಿ ಗೆರೆಯಕ್ಕ ಹೇಳಬೇಕಾದದ್ದನ್ನು ಹೇಳಿದಳು. ಹೇಗೆ ಶುರುಮಾಡಿದಳೋ ಅವಳಿಗೂ ಗೊತ್ತಿಲ್ಲ. ನೀವು ಸುಮ್ಮನಿದ್ದ ಎರಡು ವರ್ಷ ನನಗೆ ಇಷ್ಟವಾಗಿತ್ತು ಅಂದಳು. ಮನೆ ನಾನೇ ನಡೆಸಿದೆ, ಚೆನ್ನಾಗಿ ನಡೆಸಿದೆ. ಈಗ ನೀವು ಎದ್ದು ಬಂದು ಒಂದೊಂದನ್ನೇ ಸೌತೆಕಾಯಿ ಅನ್ನುವಾಗ, ಇವರು ಹಾಗೇ ಇದ್ದಿದ್ದರೆ ಅಂತ ಒಂದು ಗಳಿಗೆ ಅನ್ನಿಸಿದೆ. ಅನ್ನಿಸಿದ್ದಕ್ಕೆ ನನಗೇ ನಾಚಿಕೆಯಾಗಿದೆ.

ಬೋರ್ಡಣ್ಣ ಮೂಗು ಒರೆಸಿಕೊಂಡ.

"ನಾನು ಬಣ್ಣದ ಕೆಲಸದವನು," ಅಂದ. "ನನ್ನ ಕೋಣೆಗೆ ಆಳೆತ್ತರದ ಹಸಿರು ಬೀರು ಬಂದು ಹದಿನೆಂಟು ತಿಂಗಳಾದ್ರೂ ನಂಗೆ ಕಾಣಿಸ್ಲಿಲ್ಲ. ಆ ಬೆಳಿಗ್ಗೆ ನಂಗೆ ಕೋಪ ಬಂದಿದ್ದು ಬೀರು ಮೇಲಲ್ಲ. ಹೆದರಿಕೆ ಆಯ್ತು." ಮತ್ತೆ ಮೂಗು ಒರೆಸಿಕೊಂಡು ಸೇರಿಸಿದ: "ಆದ್ರೂ ಹಸಿರು ಚೆನ್ನಾಗಿಲ್ಲ."

ಅವಳಿಗೆ ಅಳುವಿನ ನಡುವೆ ನಗು ಬಂದು ಹಾಲು ನೆತ್ತಿಗೆ ಹತ್ತಿತು. ಗಡಗಡ ನಡುಗುವವನು ಅವಳ ಬೆನ್ನು ತಟ್ಟಬೇಕಾಯಿತು.

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಅವನನ್ನು ಎರಡು ಗಂಟೆ ಮಲಗಿಸಿಕೊಂಡು, ಆ ಮೆಟ್ಟಿಲಿನ ಒಂದೇ ಮಾತ್ರೆ ಕೊಟ್ಟು, ಉಳಿಸಿದ ಹತ್ತನ್ನೂ ತಾನೇ ಇಟ್ಟುಕೊಂಡಳು. ಬೈಯಲಿಲ್ಲ. ಇದರಿಂದ ಸೋತ ಹಾಗಲ್ಲ, ಇಲ್ಲೇ ಒಂದು ತಿಂಗಳು ನಿಲ್ಲೋಣ ಅಂದಳು. ಧೈರ್ಯ ಬೇಕಾದದ್ದು ಬೇಗ ಬಿಡುವುದಕ್ಕಲ್ಲ, ನಿಧಾನಕ್ಕೆ ಬಿಡುವುದಕ್ಕೆ ಅಂತಲೂ ಹೇಳಿದಳು.

ತಾಯಿಗೂ ವಿಷಯ ತಿಳಿಯಿತು. ಡಬ್ಬಿಯನ್ನು ಸ್ವೆಟರಿನಿಂದ ತೆಗೆದು ಮೇಜಿನ ಮೇಲಿಟ್ಟು, ತನಗೆ ಆ ಕೆಲಸದ ಯೋಗ್ಯತೆ ಇಲ್ಲ ಅನ್ನುವ ಹಾಗೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಬೇಯಿಸಿದ ಮೊಟ್ಟೆ ಸುಲಿದು ತಂದು ಮಗನ ಮುಂದಿಟ್ಟಳು.

"ನನ್ನ ಬಾಯಿಂದ ಒಂದು ಮಾತು ಜಾಸ್ತಿ ಬಂತು," ಅಂದಳು.

"ಒಂದೇನಾ?" ಅಂದ ಮಗ, ಮೊಟ್ಟೆಗೆ ಉಪ್ಪು ಹಾಕಿಕೊಳ್ಳುತ್ತ. ಡಬ್ಬಿಯನ್ನು ಮತ್ತೆ ಅವಳ ಜೇಬಿಗೇ ಹಾಕಿದ.

ಬೇಕರಿಯವನು ಹತ್ತು ದಿನ ಕಾದ. ಕಾಯುವುದಿಲ್ಲ ಅಂತ ಮೊದಲು ಹೇಳಿದ್ದ, ಆದರೆ ಅವನ ಅಣ್ಣನೂ ಇಂಥದೇ ಯಾವುದೋ ಮಾತ್ರೆಯ ಜೊತೆ ವರ್ಷಗಟ್ಟಲೆ ಗುದ್ದಾಡಿದ್ದನಂತೆ. ಅದನ್ನು ಅವನು ಹೇಳಿದ್ದು ಗೆರೆಯಕ್ಕನಿಗೆ, ಬನ್ನು ಕಟ್ಟಿಕೊಡುವಾಗ, ಬೇರೆ ಯಾರೂ ಇಲ್ಲದಾಗ. ಬೋರ್ಡಿನ ಮೇಲೆ ಹೊಸದಾಗಿ ಬಣ್ಣ ಹೊಡೆದು, ಸೀಮೆಸುಣ್ಣದ ಗೆರೆಗಳನ್ನು ಈ ಸಲ ಗೆರೆಯಕ್ಕ ಹಾಕಿಕೊಟ್ಟಳು. ನಕ್ಷೆ ಕಲಿಯುತ್ತಿದ್ದ ಮಗಳು ಅಕ್ಷರಗಳ ನಡುವಿನ ಅಂತರ ಅಳೆದುಕೊಟ್ಟಳು. ಅಪ್ಪ ಅವಳ ಅಳತೆಯನ್ನು ಒಪ್ಪಲಿಲ್ಲ, ವಾದ ಮಾಡಿದ, ಕೊನೆಗೆ ಎರಡು ಬೆರಳಷ್ಟು ಜಾಗ ಬಿಟ್ಟುಕೊಟ್ಟ. ಅಕ್ಷರಗಳು ಒಂದೇ ಸಾಲಿನಲ್ಲಿ ಹಾಲಿನ ಬಾಟಲಿಗಳಂತೆ ನಿಂತವು. ಮೂರನೆಯ ಅಕ್ಷರದ ಹೊಟ್ಟೆ ಸ್ವಲ್ಪ ದಪ್ಪವಾಯಿತು ಅಂತ ಅವನು ಮಾತ್ರ ಕೊರಗಿದ. ಬೇಕರಿಗೆ ಆ ಹೊಟ್ಟೆಯೇ ಸರಿ ಅಂದಳು ಮಗಳು.

ಮುಂದಿನ ಮೆಟ್ಟಿಲುಗಳು ಒಂದೇ ಸಮನಾಗಿರಲಿಲ್ಲ. ಒಂದು ವಾರ ಗಾಳಿಯಲ್ಲಿ ನಡೆದಂತೆ, ಇನ್ನೊಂದು ವಾರ ಮೈಯೆಲ್ಲ ಸಿಡಿಸಿಡಿ. ಅಂಥ ದಿನಗಳಲ್ಲಿ ಅವನು ಬೆಳಿಗ್ಗೆಯೇ, ಇವತ್ತು ನನ್ನ ಹತ್ತಿರ ಸುಳಿಯಬೇಡಿ ಅಂತ ತಾನೇ ಹೇಳಿ, ಬೀದಿಗಳ ಉದ್ದಕ್ಕೂ ನಡೆದು ಬರುತ್ತಿದ್ದ. ಬೆನ್ನು ನೋಯುತ್ತಿತ್ತು, ಸುಳ್ಳಲ್ಲ, ಹೆದರಿದ್ದಷ್ಟು ನೋಯುತ್ತಿರಲಿಲ್ಲ. ಗೆರೆಯಕ್ಕ ಒಂದು ಭಾನುವಾರ ಊಟದ ಮೇಜಿನಲ್ಲಿ ಮನೆಯ ಕಾನೂನು ಹೇಳಿದಳು: ನಾಲ್ಕು ಜನ, ನಾಲ್ಕು ಓಟು. ಎಷ್ಟು ಬೇಕಾದರೂ ಕೂಗಾಡಬಹುದು, ಕೂಗಿದ್ದಕ್ಕೆ ಹೆಚ್ಚಿನ ಓಟಿಲ್ಲ. ಶೆಲ್ಫುಗಳು ಮೂರು ಓಟಿನಿಂದ ಕೆಳಗೇ ಉಳಿದವು. ಪರದೆ ಸೋತಿತು. ಬೀರುವಿಗೆ ಎರಡು ಎರಡು ಬಂದು ಮೇಷ್ಟರನ್ನು ಕರೆಯಬೇಕಾಯಿತು. ಅವರು ಅರ್ಧ ಗಂಟೆ ಕನ್ನಡಕ ಒರೆಸಿ, ಹಸಿರು ಕಣ್ಣಿಗೆ ಒಳ್ಳೆಯದು ಅಂತ ತೀರ್ಪು ಕೊಟ್ಟು, ಒಂದು ಲೋಟ ಚಹಾ ಕುಡಿದು ಹೋದರು.

ಕೊನೆಯ ಕಾಲು ಮಾತ್ರೆ ಒಂದು ಮಂಗಳವಾರ ಮುಗಿಯಿತು. ತಾಯಿ ಪಟ್ಟಿಯಲ್ಲಿ ಗುರುತು ಹಾಕಿ, ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, ನಾಳೆಯಿಂದ ಬೆಳಿಗ್ಗೆ ನಾನೇನು ಮಾಡಲಿ ಅಂದಳು. ಇನ್ನೆರಡು ವಾರ ನಿದ್ದೆ ಸರಿಯಿರಲಿಲ್ಲ, ಸೀನು ಮತ್ತೆ ಬಂತು. ಆಮೇಲೆ ಗೆರೆಯಕ್ಕನ ರಜೆಯ ಒಂದು ದಿನ ಬೆಳಿಗ್ಗೆ ಎಂಟಾದರೂ ಬೋರ್ಡಣ್ಣ ಏಳಲಿಲ್ಲ. ಗೆರೆಯಕ್ಕ ಗಾಬರಿಯಾಗಿ ಹೋಗಿ ನೋಡಿದರೆ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಅವಳು ಬಾಗಿಲು ಮೆಲ್ಲಗೆ ಎಳೆದುಕೊಂಡು ಬಂದು ಅತ್ತೆಗೆ ಹೇಳಿದಳು. ಇಬ್ಬರೂ ಅದು ನಿಲ್ಲುವವರೆಗೆ ಕೇಳಿಸಿಕೊಳ್ಳುತ್ತ ಕೂತರು.

ಎರಡು ತಿಂಗಳು ಕಳೆದ ಮೇಲೆ ಅವನ ದವಡೆ ಹಲ್ಲು ಊದಿಕೊಂಡಿತು. ಮುಖ ಒಂದೇ ಕಡೆ ಬನ್ನಿನ ಹಾಗಾಯಿತು. ಮೂರು ದಿನ ತಡೆದು, ಕೊನೆಗೆ ಗೆರೆಯಕ್ಕ ಲಾಂಡ್ರಿಗೆ ಅರ್ಧ ದಿನ ರಜೆ ಹೇಳಿ ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಹಲ್ಲು ಕಿತ್ತದ್ದಾಯಿತು. ಡಾಕ್ಟರು ಕೈ ತೊಳೆದು ಹೊರಗಿನ ಮೇಜಿಗೆ ಬಂದು ಚೀಟಿ ಬರೆಯುತ್ತ, ರಾತ್ರಿಗೆ ಜೋರು ನೋವು ಬರಬಹುದು, ಬಲವಾದದ್ದೇ ಒಂದು ಬರೆಯುತ್ತೇನೆ ಅಂದರು.

ಗೆರೆಯಕ್ಕ ತಿರುಗಿ ನೋಡಿದಳು. ಸುತ್ತ ಬೆಂಚಿನ ಮೇಲೆ ಏಳೆಂಟು ಜನ. ಬಣ್ಣದಂಗಡಿಯವನು ಒಬ್ಬ, ಮಗಳ ಕಾಲೇಜಿನ ಗುಮಾಸ್ತೆ ಒಬ್ಬಳು. ತಾನು ಹೇಳಬೇಕೋ, ಪಕ್ಕಕ್ಕೆ ಕರೆದು ಹೇಳಬೇಕೋ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ ಬೋರ್ಡಣ್ಣ ಹತ್ತಿ ಕಚ್ಚಿದ ಬಾಯಿಯಲ್ಲೇ ಮಾತಾಡಿದ.

"ಡಾಕ್ಟ್ರೇ, ಆ ಜಾತಿ ಮಾತ್ರೆ ಬೇಡ. ಎರಡು ವರ್ಷ ನನಗೆ ಅಂಟ್ಕೊಂಡಿತ್ತು. ಬಿಡೋಕೆ ಆರು ತಿಂಗಳಾಯ್ತು. ಬೇರೆ ಏನಾದ್ರೂ ಕೊಡಿ, ಇಲ್ದಿದ್ರೆ ಮಂಜುಗಡ್ಡೆ ಕೊಡಿ."

ಬಾಯಿಯೊಳಗೆ ಹತ್ತಿ ಇದ್ದರೂ ಅದು ಅವನ ಹಳೆಯ ದನಿಯೇ, ಬೀದಿಗೂ ಕೇಳಿಸಿರಬೇಕು. ಬೆಂಚಿನವರೆಲ್ಲ ತಿರುಗಿ ನೋಡಿದರು. ಡಾಕ್ಟರು ಪೆನ್ನು ನಿಲ್ಲಿಸಿ, ಹೇಳಿದ್ದು ಒಳ್ಳೆಯದೇ ಆಯಿತು ಅಂತ ಆ ಚೀಟಿ ಹರಿದು, ಸಾಧಾರಣವಾದದ್ದೊಂದು ಬರೆದುಕೊಟ್ಟರು. ಬಾಗಿಲ ಹತ್ತಿರ ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಬೋರ್ಡಣ್ಣನ ತೋಳು ಹಿಡಿದು ನಿಲ್ಲಿಸಿ, ಆರು ತಿಂಗಳಲ್ಲಿ ಹೇಗೆ ಬಿಟ್ಟಿರಿ, ಯಾವ ಡಾಕ್ಟರು ಅಂತ ತಗ್ಗಿದ ದನಿಯಲ್ಲಿ ಕೇಳಿದಳು. ಅವಳ ಕೈಚೀಲದ ಮೇಲೆ ಅವಳ ಬೆರಳು ಬಿಗಿದಿತ್ತು. ಬೋರ್ಡಣ್ಣ ಅವಳ ಪಕ್ಕ ಕೂತ. ಅಷ್ಟರಲ್ಲಿ ಹತ್ತಿ ಉಬ್ಬಿ ಬಾಯಿ ತುಂಬಿ, ಮಾತು ಸರಿಯಾಗಿ ಹೊರಡದೆ, ಚೀಟಿಯ ಹಿಂದೆ ಆರೋಗ್ಯ ಕೇಂದ್ರದ ವಿಳಾಸ, ಡಾಕ್ಟರು ಸಿಗುವ ದಿನ, ಹೊತ್ತು ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ಕೆಳಗೆ, ಒಂದೇ ಸಲ ಬಿಡಬೇಡಿ ಅಂತ ಬರೆದು ಎರಡು ಗೆರೆ ಎಳೆದ.

ಹೊರಗೆ ಒಳ್ಳೆಯ ಬಿಸಿಲಿತ್ತು. ಗೆರೆಯಕ್ಕ ಅವನ ತೋಳಿಗೆ ತನ್ನ ತೋಳು ಸೇರಿಸಿಕೊಂಡಳು. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ಹಾಗೆ ನಡೆದದ್ದಿಲ್ಲ. ಅವನು ಏನೋ ಹೇಳಿದ. ಮರಗಟ್ಟಿದ ಬಾಯಿಂದ ಬಂದದ್ದು ಗೊಣಗೊಣ ಅಷ್ಟೇ. ಏನು ಅಂತ ಅವಳು ಕೇಳಿದಳು. ಅವನು ಮತ್ತೆ ಹೇಳಿದ, ಕೈಯಾಡಿಸಿ ಹೇಳಿದ, ಆಗಷ್ಟೇ ಬಿಟ್ಟು ಬಂದ ಹಲ್ಲಿನ ಆಸ್ಪತ್ರೆಯ ಬೋರ್ಡು ತೋರಿಸಿ ಹೇಳಿದ. ಕೊನೆಗೆ ಅವಳಿಗೆ ಅರ್ಥವಾಯಿತು. ಆ ಬೋರ್ಡಿನಲ್ಲಿ ಕಾಗುಣಿತ ತಪ್ಪಿದೆಯಂತೆ, ಒಳಗೆ ವಾಪಸ್ಸು ಹೋಗಿ ಹೇಳಿ ಬರೋಣವಂತೆ.

"ಹೋಗಿ," ಅಂದಳು ಗೆರೆಯಕ್ಕ. "ನಾನು ಇಲ್ಲೇ ನಿಂತಿರ್ತೀನಿ."

ಅವನು ನಿಜಕ್ಕೂ ಹೋದ. ಅವಳು ಗೇಟಿಗೆ ಒರಗಿ ನಿಂತು, ಒಳಗಿನಿಂದ ಆ ಗೊಣಗೊಣ ಏರುತ್ತ ಹೋಗುವುದನ್ನೂ, ಅದರ ಹಿಂದೆಯೇ ಬೆಂಚಿನವರೆಲ್ಲ ಒಟ್ಟಿಗೆ ನಕ್ಕಿದ್ದನ್ನೂ ಕೇಳುತ್ತ, ಅವನು ಬರುವವರೆಗೂ ಕಾದಳು.